‘ಆತನು’ ಎಂಬ ಒಡೆಯ: ಕನ್ನಡ ಬೈಬಲಿನಲ್ಲಿ ದೇವರ ದೊರೆತನ

ಭಾನುವಾರ ಬೆಳಿಗ್ಗೆ ಬಾಪೂಜಿ ನಗರದ ಒಳಗಲ್ಲಿಗಳಲ್ಲಿ ನಡೆದು ಹೋಗುವವರಿಗೆ ಇದು ಪರಿಚಿತ ಅನುಭವ. ಮೈಸೂರು ರಸ್ತೆಯ ಬಸ್ಸುಗಳ ಗದ್ದಲ ಹಿಂದಾಗುತ್ತಿದ್ದಂತೆ ಯಾವುದೋ ಮಹಡಿಯ ಮೇಲಿನ ಪುಟ್ಟ ಹಾಲಿನಿಂದ ಕೀಬೋರ್ಡು, ಚಪ್ಪಾಳೆ ಮತ್ತು ಹಾಡು ಕೇಳಿಬರುತ್ತವೆ. ಒಂದು ಹಾಡು ಕನ್ನಡದಲ್ಲಿದ್ದರೆ ಅದರ ಬೆನ್ನಿಗೇ ಇನ್ನೊಂದು ತಮಿಳಿನಲ್ಲಿ. ಗಾಳಿ ಆಂಜನೇಯನ ಗುಡಿ ಇಲ್ಲಿಂದ ದೂರವಿಲ್ಲ. ಪಾದರಾಯನಪುರದ ಕಡೆಯಿಂದ ಅಝಾನ್ ಹೊತ್ತು ಹೊತ್ತಿಗೆ ಬಂದೇ ಬರುತ್ತದೆ. ಮೂರೂ ಕಡೆಯ ಸದ್ದಿಗೆ ಕಿವಿ ಒಗ್ಗಿಹೋಗಿರುವ ನಾವು ಆ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಮಾತುಗಳ ಬಗ್ಗೆ ಮಾತ್ರ ಬಹುಕಾಲ ಯೋಚಿಸಿರಲಿಲ್ಲ. ಒಂದು ‘ಮಹಿಮೆ’, ಇನ್ನೊಂದು ‘ಕರ್ತನು’.

ಕ್ರೈಸ್ತ ನೆರೆಮನೆಯವರು ಕ್ರಿಸ್‌ಮಸ್‌ಗೆ ಕಳಿಸಿದ ಕೇಕನ್ನು ನಾವು ತಿಂದಿದ್ದೇವೆ, ಈದ್‌ಗೆ ಶೀರ್ ಖುರ್ಮಾ ಕಳಿಸಿದ್ದೇವೆ. ಆದರೆ ಅವರ ಗ್ರಂಥವನ್ನು ಓದಿಲ್ಲ. ಓದಿದವರಲ್ಲೂ ಹೆಚ್ಚಿನವರು ವಾದದಲ್ಲಿ ಗೆಲ್ಲಲು ಬೇಕಾದ ವಾಕ್ಯ ಹೆಕ್ಕಲೆಂದು ಓದಿದವರು. ಅದು ಓದಲ್ಲ, ಜೇಬುಕತ್ತರಿ ಕೆಲಸ. ಈಚೆಗೆ ನಾವು ಕನ್ನಡ ಬೈಬಲಿನ ಎರಡು ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಕುಳಿತೆವು. ಒಂದು, ಪ್ರೊಟೆಸ್ಟಂಟರ ಮನೆಗಳಲ್ಲಿ ‘ಸತ್ಯವೇದವು’ ಎಂಬ ಹೆಸರಿನಲ್ಲಿರುವ ಹಳೆಯ ಅನುವಾದ. ಇನ್ನೊಂದು, ಕಥೋಲಿಕರು ಬಳಸುವ ಹೊಸಗನ್ನಡದ ಅನುವಾದ. ದೇವರ ಸಾರ್ವಭೌಮತ್ವ ಎಂಬ ದೊಡ್ಡ ತತ್ವವನ್ನು ಕನ್ನಡ ಭಾಷೆ ಹೇಗೆ ಹೊತ್ತಿದೆ, ಎಲ್ಲಿ ಎಡವಿದೆ ಎಂಬುದಷ್ಟೇ ನಮ್ಮ ಕುತೂಹಲವಾಗಿತ್ತು.

ಮೊದಲು ಎದುರಾದದ್ದು ಒಂದು ಸರ್ವನಾಮ. ಹಳೆಯ ಅನುವಾದದಲ್ಲಿ ದೇವರು ಏಕವಚನ. ಆತನು ಉಂಟುಮಾಡಿದನು, ಆತನು ಹೇಳಿದನು. ‘ಅವನು’ ಅಲ್ಲ, ‘ಅವರು’ ಕೂಡ ಅಲ್ಲ. ನಡುವೆ ನಿಂತ ‘ಆತನು’. ಹೊಸ ಅನುವಾದದಲ್ಲಿ ಇದೇ ದೇವರು ‘ಸೃಷ್ಟಿಮಾಡಿದರು’, ‘ನುಡಿದರು’. ಹಳೆಯದರಲ್ಲಿ ಹೀಬ್ರೂ ಹೆಸರೇ ‘ಯೆಹೋವ’ ಎಂದು ಉಳಿದುಕೊಂಡಿದೆ. ಹೊಸದರಲ್ಲಿ ಆ ಜಾಗಕ್ಕೆ ‘ಸರ್ವೇಶ್ವರ’ ಬಂದಿದ್ದಾನೆ, ಅಲ್ಲ, ಬಂದಿದ್ದಾರೆ. ಹಳೆಯದರ ‘ಕರ್ತನು’ ಹೊಸದರಲ್ಲಿ ‘ಪ್ರಭು’.

ಇದೇನು ದೊಡ್ಡ ವಿಷಯ ಎನ್ನಬಹುದು. ಆದರೆ ಮುಸ್ಲಿಮ್ ಓದುಗರು ಒಂದು ಕ್ಷಣ ತಮ್ಮ ಮಾತನ್ನೇ ಗಮನಿಸಿಕೊಳ್ಳಲಿ. ಕನ್ನಡದಲ್ಲಿ ಬರೆಯುವಾಗ ನಾವು ಅಲ್ಲಾಹನು ‘ಹೇಳುತ್ತಾನೆ’ ಎನ್ನುತ್ತೇವೆ, ಪ್ರವಾದಿಯವರು ‘ಹೇಳಿದರು’ ಎನ್ನುತ್ತೇವೆ. ಹೊರಗಿನಿಂದ ನೋಡುವ ಕನ್ನಡಿಗನಿಗೆ ಇದು ವಿಚಿತ್ರ. ದೂತನಿಗೆ ಬಹುವಚನದ ಗೌರವ, ಕಳಿಸಿದವನಿಗೆ ಏಕವಚನ! ನಮಗೆ ಮಾತ್ರ ಇದು ಸಹಜವೆನಿಸುತ್ತದೆ, ಏಕೆಂದರೆ ಒಬ್ಬನೇ ಎಂಬವನನ್ನು ‘ಅವರು’ ಎಂದು ಕರೆದರೆ ಎಲ್ಲೋ ಲೆಕ್ಕ ತಪ್ಪಿದಂತಾಗುತ್ತದೆ. ಉರ್ದುವಿನಲ್ಲಂತೂ ಎರಡೂ ನಡೆಯುತ್ತದೆ, ಜುಮಾ ಬಯಾನಿನಲ್ಲಿ ಬಹುವಚನದ ಕ್ರಿಯಾಪದ, ದುಆದಲ್ಲಿ ‘ತೂ’. ವಚನಕಾರರೂ ತಮ್ಮ ದೇವರನ್ನು ‘ನೀನು’ ಎಂದೇ ಕರೆದರು. ಕನ್ನಡದ ಗೌರವಸೂಚಕ ಬಹುವಚನ ಮನುಷ್ಯರ ನಡುವಿನ ಮೇಲುಕೀಳನ್ನು ಅಳೆಯಲು ಹುಟ್ಟಿದ ಕೋಲು. ಶಾನುಭೋಗರು ‘ಅವರು’, ಕೂಲಿಯವ ‘ಅವನು’. ಈ ಕೋಲಿನಿಂದ ದೇವರನ್ನು ಅಳೆದರೆ ದೇವರು ಊರಿನ ದೊಡ್ಡ ಗೌಡರಾಗಿಬಿಡುವ ಅಪಾಯವಿದೆ. ಹಳೆಯ ಅನುವಾದಕರು ‘ಆತನು’ ಎಂದು ನಿಲ್ಲಿಸಿದ್ದು ನಮ್ಮ ದೃಷ್ಟಿಯಲ್ಲಿ ಹೆಚ್ಚು ಸರಿ. ಹೊಸ ಅನುವಾದದ ಭಾಷೆ ನಿಸ್ಸಂಶಯವಾಗಿ ತಿಳಿಯಾದದ್ದು, ಓದಲು ಹಿತವಾದದ್ದು. ಆದರೆ ಅದರ ‘ನುಡಿದರು’ ಕೇಳಿದಾಗ ಸಿಡಿಲಿನ ಸದ್ದು ಕಡಿಮೆಯಾಗಿ ಸಭಾಮರ್ಯಾದೆಯ ಸದ್ದು ಹೆಚ್ಚಾಗುತ್ತದೆ.

ಈ ಹಳೆಯ ಭಾಷೆ ಒಂದೇ ದಿನದಲ್ಲಿ ಆದದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು, ತೀಡಿದರು. ಕಿಟೆಲ್ ಎಂದೊಡನೆ ನಮಗೆಲ್ಲ 1894ರ ನಿಘಂಟು ನೆನಪಾಗುತ್ತದೆ. ಅದಕ್ಕೂ ಮೊದಲು, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು. ಪರದೇಶದ ದೇವವಾಣಿಗೆ ಷಟ್ಪದಿಯ ಈ ನಾಡಿನಲ್ಲಿ ಮೈ ಕೊಡುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡಿತ್ತು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ‘ಕರ್ತ’ ಪದವನ್ನೇ ನೋಡಿ. ಮಾಡುವವನು ಎಂಬುದು ವ್ಯಾಕರಣದ ಅರ್ಥ. ಆದರೆ ನಾಯಕರು, ಪಾಳೆಯಗಾರರು ಆಳಿದ ದಕ್ಷಿಣದಲ್ಲಿ ಕರ್ತ ಎಂದರೆ ಒಡೆಯ. ತಮಿಳು ಬೈಬಲೂ ಇದೇ ಪದವನ್ನು ಹಿಡಿದಿದೆ. ಮಾಡಿದವನೇ ಒಡೆಯ ಎಂಬ ಸೃಷ್ಟಿತತ್ವ ಒಂದೇ ಪದದಲ್ಲಿ ಕುಳಿತುಬಿಟ್ಟಿದೆ. ಖುರ್‌ಆನಿನ ‘ರಬ್ಬ್’ಗೆ ನಮ್ಮವರು ‘ಪ್ರಭು’ ಎಂದು ಬರೆಯುವಾಗ ಈ ಎರಡನೆಯ ಪದರ, ಅಂದರೆ ಪೊರೆಯುವ ಅರ್ಥ, ಕೈಬಿಟ್ಟುಹೋಗುತ್ತದೆ ಎಂಬ ಕಾರಣಕ್ಕೇ ಕೆಲವೊಮ್ಮೆ ‘ಪಾಲಕ’ನನ್ನೂ ಜೊತೆಗೆ ಕರೆತರಬೇಕಾಗುತ್ತದೆ.

ಇನ್ನು ‘ಮಹಿಮೆ’. ಹೀಬ್ರೂವಿನಲ್ಲಿ ಇದಕ್ಕೆ ‘ಕಾವೋದ್’ ಎನ್ನುತ್ತಾರೆ. ಅದರ ಬೇರಿನ ಅರ್ಥ ಭಾರ, ತೂಕ. ದೇವರ ಮಹಿಮೆ ಎಂದರೆ ಹೊಳಪಿಗಿಂತ ಮೊದಲು ತೂಕ. ದೇಗುಲದೊಳಗೆ ಅದು ಇಳಿದಾಗ ಅರ್ಚಕರು ನಿಲ್ಲಲಾರದೆ ಹೋದರು ಎಂದು ಹಳೆಯ ಒಡಂಬಡಿಕೆ ಹೇಳುತ್ತದೆ. ಗ್ರೀಕಿಗೆ ಬರುವಾಗ ಅದು ‘ದೊಕ್ಸಾ’ ಆಯಿತು. ಅಭಿಪ್ರಾಯ, ಕೀರ್ತಿ ಎಂಬುದು ಆ ಪದದ ಮೊದಲ ಅರ್ಥ. ತೂಕವಿದ್ದದ್ದು ಹೀಗೆ ಮಾತಾಗಿ, ಬೆಳಕಾಗಿ ಬದಲಾಯಿತು. ಕನ್ನಡಕ್ಕೆ ಬರುವಾಗ ಏನಾಯಿತು? ಹಳೆಯ ಅನುವಾದ 19ನೆಯ ಕೀರ್ತನೆಯಲ್ಲಿ, ಆಕಾಶವು ದೇವರ ಬಗ್ಗೆ ಸಾರುವ ಪ್ರಸಿದ್ಧ ಜಾಗದಲ್ಲಿ, ‘ಪ್ರಭಾವ’ ಎಂಬ ಪದ ಬಳಸಿತು. ಆಗ ಅದು ಒಳ್ಳೆಯ ಆಯ್ಕೆ. ಪ್ರಭೆ, ಬಲ, ತೇಜಸ್ಸು ಎಲ್ಲ ಅದರಲ್ಲಿತ್ತು. ಇಂದು? ‘ಪ್ರಭಾವ ಬೀರಿ ಸೈಟು ಮಂಜೂರು ಮಾಡಿಸಿಕೊಂಡರು’ ಎಂಬ ಪತ್ರಿಕಾ ಸುದ್ದಿಯ ಪ್ರಭಾವ ಅದು. ಆಕಾಶವು ಯಾರದ್ದೋ ಶಿಫಾರಸು ಪತ್ರ ಓದುತ್ತಿರುವಂತೆ ಕೇಳಿಸುತ್ತದೆ. ಹೊಸ ಅನುವಾದಕರು ಅಲ್ಲಿ ‘ಮಹಿಮೆ’ ತಂದದ್ದು ಉಚಿತವೇ ಆಗಿದೆ. ಅನುವಾದದ ಪದಗಳಿಗೂ ಮುಪ್ಪು ಬರುತ್ತದೆ ಎಂಬುದನ್ನು ಅವರು ಬಲ್ಲರು.

ಆದರೆ ‘ಮಹಿಮೆ’ಯಲ್ಲೂ ತೂಕವಿಲ್ಲ. ಮಹಿಮೆ ಎಂದೊಡನೆ ಕನ್ನಡಿಗನ ಮನಸ್ಸು ಪವಾಡದ ಕಡೆ ಹೋಗುತ್ತದೆ, ಸ್ಥಳಮಹಿಮೆಯ ಕಡೆ ಹೋಗುತ್ತದೆ. ಹೀಬ್ರೂವಿನ ಭಾರಕ್ಕೆ ಸರಿದೂಗುವ ಕನ್ನಡ ಪದ ಒಂದಿದ್ದರೆ ಅದು ‘ಘನ’. ಗಟ್ಟಿ, ದಟ್ಟ, ದೊಡ್ಡದು, ಮಾನವುಳ್ಳದ್ದು, ಎಲ್ಲವೂ ಅದೇ. ಶರಣರು ಪರವಸ್ತುವನ್ನೇ ‘ಘನ’ ಎಂದರು. ಹಳೆಯ ಬೈಬಲಿನಲ್ಲೂ ಈ ಪದ ಅಲ್ಲಲ್ಲಿ ತಲೆ ಎತ್ತುತ್ತದೆ, ಆದರೆ ಮುಖ್ಯ ಪೀಠ ಅದಕ್ಕೆ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ನಮಗೆ ಅನಿಸುತ್ತದೆ. ಆದರೆ ಪಾಲಿಕೆಯ ಕಸದ ಗಾಡಿಯ ಮೇಲೆ ‘ಘನತ್ಯಾಜ್ಯ’ ಎಂದು ಬರೆದಿರುವ ಈ ನಗರದಲ್ಲಿ ಆ ಪದಕ್ಕೆ ಎಷ್ಟು ದಿನ ಮಾನ ಉಳಿಯುತ್ತಿತ್ತೋ!

ಪದಗಳ ಮಾತು ಇಷ್ಟು ಸಾಕು. ಬೈಬಲಿನಲ್ಲಿ ದೇವರು ದೊರೆ ಎಂಬ ಮಾತಿಗೆ ರಾಜಕೀಯದ ಹರಿತವಿದೆ. ಸಮುವೇಲನ ಮೊದಲ ಗ್ರಂಥದ 8ನೆಯ ಅಧ್ಯಾಯ ಇದಕ್ಕೆ ಮುಖ್ಯ ಆಧಾರ. ಸುತ್ತಲಿನ ಜನಾಂಗಗಳಿಗೆಲ್ಲ ಅರಸರಿದ್ದಾರೆ, ನಮಗೂ ಒಬ್ಬ ಬೇಕು ಎಂದು ಇಸ್ರಾಯೇಲರು ಮುದುಕ ಪ್ರವಾದಿಯ ಬಳಿ ಬರುತ್ತಾರೆ. ಪ್ರವಾದಿಗೆ ಬೇಸರವಾಗುತ್ತದೆ. ಅವರು ತಿರಸ್ಕರಿಸಿದ್ದು ನಿನ್ನನ್ನಲ್ಲ, ನನ್ನ ಅರಸುತನವನ್ನು ಎಂದು ದೇವರು ಅವನಿಗೆ ತಿಳಿಸುತ್ತಾನೆ. ಆಮೇಲೆ ಸಮುವೇಲ ಅರಸ ಎಂದರೆ ಏನೆಂದು ಜನರಿಗೆ ಪಟ್ಟಿ ಮಾಡಿ ಹೇಳುತ್ತಾನೆ: ನಿಮ್ಮ ಗಂಡುಮಕ್ಕಳನ್ನು ರಥದ ಮುಂದೆ ಓಡಿಸಲು ತೆಗೆದುಕೊಳ್ಳುವನು, ಹೆಣ್ಣುಮಕ್ಕಳನ್ನು ಅಡುಗೆಗೆ ತೆಗೆದುಕೊಳ್ಳುವನು, ಒಳ್ಳೆಯ ಹೊಲ, ದ್ರಾಕ್ಷಿತೋಟ ಕಿತ್ತು ತನ್ನ ಸೇವಕರಿಗೆ ಕೊಡುವನು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಎತ್ತುವನು. ಭೂಸ್ವಾಧೀನದ ನೋಟಿಸು ಕಂಡ ಯಾವ ರೈತನಿಗೂ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಕಾಗದು. ದೇವರೊಬ್ಬನೇ ದೊರೆ ಎಂಬ ಮಾತು ಇಲ್ಲಿ ಮನುಷ್ಯ ದೊರೆಗೆ ಹಾಕಿದ ಮೂಗುದಾರ. ದಾನಿಯೇಲನ ಗ್ರಂಥದಲ್ಲಿ ತನ್ನ ಪ್ರತಾಪಕ್ಕೆ ತಾನೇ ಬೀಗಿದ ಬಾಬಿಲೋನಿನ ಚಕ್ರವರ್ತಿ ದನದಂತೆ ಹುಲ್ಲು ಮೇಯುತ್ತಾನೆ. ದೇವರ ಸಾರ್ವಭೌಮತ್ವ ಒಂದು ಭಕ್ತಿಭಾವ ಮಾತ್ರ ಎಂದುಕೊಂಡವರು ಈ ಭಾಗಗಳನ್ನು ಓದಬೇಕು.

ಅದೇ ಗ್ರಂಥದೊಳಗೆ ಎದುರು ಮಾತೂ ಇದೆ. ಆಳುವ ಅಧಿಕಾರಗಳೆಲ್ಲ ದೇವರಿಂದ ನೇಮಕವಾದವು, ಅಧೀನರಾಗಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಹೇಳುತ್ತದೆ. ಎಷ್ಟು ಸಾಮ್ರಾಜ್ಯಗಳು ಈ ಒಂದು ಅಧ್ಯಾಯದ ನೆರಳಿನಲ್ಲಿ ನಿದ್ದೆ ಮಾಡಿದವು! ಹಿಟ್ಲರನ ಜರ್ಮನಿಯಲ್ಲಿ ಅನೇಕ ಚರ್ಚುಗಳು ಅದನ್ನೇ ಹಿಡಿದು ಕುಳಿತವು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿದ ಒಂದು ಗುಂಪು ಮಾತ್ರ ಕ್ರಿಸ್ತನ ಪಕ್ಕದಲ್ಲಿ ಇನ್ನೊಬ್ಬ ನಾಯಕನನ್ನು ಚರ್ಚು ಒಪ್ಪಲಾರದು ಎಂದು ಘೋಷಿಸಿತು. ಇದಕ್ಕೆ ಒಂಬತ್ತು ವರ್ಷ ಮೊದಲು, 1925ರಲ್ಲಿ, ಇಟಲಿಯಲ್ಲಿ ಮುಸೊಲಿನಿ ಬಲಿಯುತ್ತಿದ್ದ ಹೊತ್ತಿಗೆ ಪೋಪ್ ಹನ್ನೊಂದನೆಯ ಪಯಸ್ ಕ್ರಿಸ್ತರಾಜನ ಹಬ್ಬವನ್ನು ಜಾರಿಗೆ ತಂದಿದ್ದರು. ಇಂದಿಗೂ ಅದು ನಮ್ಮ ಕಥೋಲಿಕ ಚರ್ಚುಗಳಲ್ಲಿ ಆರಾಧನಾ ವರ್ಷದ ಕೊನೆಯ ಭಾನುವಾರ ನಡೆಯುತ್ತದೆ. ಆದರೆ ಅದೇ ಕ್ರಿಸ್ತರಾಜನ ಹೆಸರನ್ನು ಸ್ಪೇನಿನಲ್ಲಿ ಫ್ರಾಂಕೋನ ಸೈನಿಕರೂ ಕೂಗಿದರು. ದೇವರೇ ದೊರೆ ಎಂಬ ಘೋಷಣೆ ಯಾರ ಬಾಯಿಯಿಂದ, ಯಾರ ವಿರುದ್ಧ ಬರುತ್ತದೆ ಎಂಬುದನ್ನು ಕೇಳದೆ ಅದನ್ನು ಮೆಚ್ಚುವುದಾಗಲಿ ತೆಗಳುವುದಾಗಲಿ ಆಗದು.

ಈ ಮಾತನ್ನು ನಾವು ಬೇರೆಯವರಿಗಷ್ಟೇ ಅನ್ವಯಿಸಿ ತಪ್ಪಿಸಿಕೊಳ್ಳುವಂತಿಲ್ಲ. 1949ರ ಮಾರ್ಚಿನಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಸಾರ್ವಭೌಮತ್ವ ಅಲ್ಲಾಹನದು ಎಂಬ ಧ್ಯೇಯ ನಿರ್ಣಯವನ್ನು ಅಂಗೀಕರಿಸಿತು. 1985ರಲ್ಲಿ ಅದನ್ನು ಸಂವಿಧಾನದ ಅಂಗವಾಗಿಸಿದವರು ಬಂದೂಕಿನ ಬಲದಿಂದ ಕುರ್ಚಿ ಹಿಡಿದಿದ್ದ ಜನರಲ್ ಝಿಯಾ. ಸಮುವೇಲನ ಪಟ್ಟಿಯನ್ನು ಅವರಿಗೆ ಯಾರೂ ಓದಿ ಹೇಳಲಿಲ್ಲ. ಅದೇ 1949ರ ಅಕ್ಟೋಬರ್ 17ರಂದು ದೆಹಲಿಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ನಮ್ಮ ಸಂವಿಧಾನದ ಪೀಠಿಕೆ ದೇವರ ಹೆಸರಿನಲ್ಲಿ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ದೇವರ ವಿಷಯವನ್ನು ಮತಕ್ಕೆ ಹಾಕಬೇಡಿ ಎಂದು ಅಧ್ಯಕ್ಷ ರಾಜೇಂದ್ರ ಪ್ರಸಾದರೂ ಕೆಲವು ಸದಸ್ಯರೂ ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. 41 ಮತ ಪರ, 68 ಮತ ವಿರುದ್ಧ. ದೇವಭಕ್ತರೇ ತುಂಬಿದ್ದ ಸಭೆಯಲ್ಲಿ ದೇವರ ಹೆಸರು ಸೋತಿತು. ದೇವರ ಘನತೆ ಅದರಿಂದ ಕಡಿಮೆಯಾಯಿತೆಂದು ನಮಗನಿಸುವುದಿಲ್ಲ; ಕೈ ಎತ್ತಿಸಿ ಎಣಿಸಿದ್ದು ಮಾತ್ರ ಇರುಸುಮುರುಸಿನ ಸಂಗತಿ. ನಂಬದವನ ಮೇಲೆ ದೇವರನ್ನು ಹೇರಬಾರದು ಎಂಬ ಕಾಳಜಿ ಅಲ್ಲಿ ಕೆಲಸ ಮಾಡಿತ್ತು. ಆ ಕಾಳಜಿಯ ಫಲವನ್ನು ಉಣ್ಣುತ್ತಿರುವವರಲ್ಲಿ ಬಾಪೂಜಿ ನಗರದ ಮಹಡಿ ಮೇಲಿನ ಹಾಲಿನವರೂ ಇದ್ದಾರೆ, ನಾವೂ ಇದ್ದೇವೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಆಸುಪಾಸಿನ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ ಆ ಫಲ ಎಷ್ಟು ಎಳಸು ಎಂಬುದೂ ತಿಳಿಯಿತು.

ಬೈಬಲಿನಲ್ಲಿ ನಮ್ಮನ್ನು ಅತಿ ಹೆಚ್ಚು ಹೊತ್ತು ಹಿಡಿದಿಟ್ಟದ್ದು ಯೋಬನ ಗ್ರಂಥ. ಯೋಬ ಎಂದರೆ ನಮ್ಮ ಅಯ್ಯೂಬ್ (ಅ). ಖುರ್‌ಆನ್ ಅವರ ಕಥೆಯನ್ನು ಕೆಲವೇ ಸೂಕ್ತಗಳಲ್ಲಿ ಹೇಳಿ ಮುಗಿಸುತ್ತದೆ. ಅವರು ಕರೆದರು, ಉತ್ತರ ಸಿಕ್ಕಿತು, ಕಳೆದುಕೊಂಡದ್ದು ಮರಳಿತು. ಸಹನೆಗೆ ಅವರು ಮಾದರಿ. ಬೈಬಲಿನ ಯೋಬ 42 ಅಧ್ಯಾಯಗಳ ಉದ್ದಕ್ಕೂ ವಾದಿಸುತ್ತಾನೆ. ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನು ನ್ಯಾಯಾಲಯಕ್ಕೆ ಎಳೆಯಬೇಕೆನ್ನುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು ದೇವರ ಪರವಾಗಿ ವಕಾಲತ್ತು ಹಾಕುತ್ತಾರೆ: ನೀನು ಏನೋ ಪಾಪ ಮಾಡಿರಬೇಕು. ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾನೆ, ಆದರೆ ಯೋಬನ ಒಂದೇ ಒಂದು ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಬದಲಿಗೆ ಬೆಟ್ಟದ ಮೇಕೆ ಈಯುವ ಕಾಲ ನಿನಗೆ ಗೊತ್ತೇ, ತನ್ನ ಮೊಟ್ಟೆ ಮರೆಯುವ ಉಷ್ಟ್ರಪಕ್ಷಿಯನ್ನು ನೋಡಿದ್ದೀಯಾ, ಯಾರೂ ಇಲ್ಲದ ಮರುಭೂಮಿಗೆ ಮಳೆ ಸುರಿಸುವವನು ಯಾರು ಎಂದು ಕೇಳುತ್ತಾ ಹೋಗುತ್ತಾನೆ. ಸಾರ್ವಭೌಮತ್ವ ಎಂದರೆ ಇದು. ಮನುಷ್ಯನ ಅಳತೆಗೆ ಹೊರಗೆ, ಮನುಷ್ಯನಿಗೆ ಉಪಯೋಗವೇ ಇಲ್ಲದ ಪ್ರಾಣಿಗಳ ಲೋಕವನ್ನೂ ನೋಡಿಕೊಳ್ಳುತ್ತಿರುವ ಒಡೆತನ. ಬೆರಗು ಹುಟ್ಟಿಸುವ ಸಂಗತಿ ಕಡೆಯಲ್ಲಿದೆ: ವಾದಿಸಿದ ಯೋಬನೇ ಸರಿಯಾಗಿ ಮಾತಾಡಿದ, ನನ್ನ ಪರ ವಹಿಸಿದ ಗೆಳೆಯರು ತಪ್ಪು ಮಾತಾಡಿದರು ಎಂದು ದೇವರು ತೀರ್ಪು ಕೊಡುತ್ತಾನೆ. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ನಿಂತು ಉಪದೇಶ ಕೊಡುವ ನಮ್ಮೆಲ್ಲರ ಬಂಧುಗಳಿಗೂ ಇದು ಗೊತ್ತಾಗಬೇಕು.

ಇಲ್ಲಿಂದ ಹೊಸ ಒಡಂಬಡಿಕೆಗೆ ಬಂದರೆ ಮುಸ್ಲಿಮ್ ಓದುಗನಿಗೆ ಕಷ್ಟದ ತಿರುವು. ಯೋಹಾನನ ಸುವಾರ್ತೆಯಲ್ಲಿ ಯೇಸು ‘ಮಹಿಮೆ ಹೊಂದುವ’ ಗಳಿಗೆ ಎಂದರೆ ಶಿಲುಬೆಗೇರುವ ಗಳಿಗೆಯೇ. ಭಾರ, ಹೊಳಪು, ಸಿಂಹಾಸನ ಎಲ್ಲವೂ ಅಪಮಾನದ ಕಂಬದ ಮೇಲೆ ಬಂದು ನಿಲ್ಲುತ್ತವೆ. ಶಿಲುಬೆಯ ಘಟನೆಯನ್ನು ನಮ್ಮ ವಿಶ್ವಾಸ ಒಪ್ಪುವುದಿಲ್ಲ. ಆ ಭೇದವನ್ನು ಸೌಹಾರ್ದದ ಹೆಸರಿನಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕ್ರೈಸ್ತರು ‘ಮಹಿಮೆ’ ಎಂದಾಗ ಅವರ ಕಣ್ಣೆದುರು ನಿಲ್ಲುವುದು ಕಿರೀಟ ಮಾತ್ರವಲ್ಲ, ಮುಳ್ಳಿನ ಕಿರೀಟವೂ ಹೌದು ಎಂಬುದನ್ನು ಅರಿಯದೆ ಅವರ ಹಾಡನ್ನು ಕೇಳಿದರೆ ಅರ್ಧ ಮಾತ್ರ ಕೇಳಿದಂತೆ. ಶುಭ ಶುಕ್ರವಾರದ ಕಥೋಲಿಕ ಆರಾಧನೆಯನ್ನು ನೋಡಿದವರಿಗೆ ಇದು ಮನವರಿಕೆಯಾಗುತ್ತದೆ. ಗಂಟೆಯಿಲ್ಲ, ಬಲಿಪೀಠದ ಮೇಲೆ ಬಟ್ಟೆಯಿಲ್ಲ. ಗುರುಗಳು ಮೌನವಾಗಿ ಒಳಬಂದು ನೆಲದ ಮೇಲೆ ಬೋರಲು ಮಲಗುತ್ತಾರೆ. ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಅತ್ಯಂತ ಕೆಳಗಿರುವಾಗಲೇ ದೇವರ ಔನ್ನತ್ಯವನ್ನು ಹೊಗಳುವ ಸುಜೂದನ್ನು ಬಲ್ಲ ನಮಗೆ ಆ ದೃಶ್ಯ ಪರಕೀಯವೆನಿಸದು. ಹಳೆಯ ಕನ್ನಡ ಬೈಬಲ್ ಆರಾಧನೆಗೆ ಬಳಸುವ ಪದವೇ ‘ಅಡ್ಡಬೀಳು’ ಎಂಬುದು.

ಆರಾಧನೆಯ ಮೈಭಾಷೆಯ ಬಗ್ಗೆ ಬೆಂಗಳೂರಿನಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆದಿದೆ. ಎರಡನೆಯ ವ್ಯಾಟಿಕನ್ ಸಭೆ ಮುಗಿದ ಮೇಲೆ, 1967ರಲ್ಲಿ, ಇಲ್ಲಿ ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಕಥೋಲಿಕರ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಯಿತು. 1969ರ ಏಪ್ರಿಲಿನಲ್ಲಿ ರೋಮ್ ಹನ್ನೆರಡು ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿತು: ನೆಲದ ಮೇಲೆ ಕೂರುವುದು, ಕೈಜೋಡಿಸುವುದು, ಪಂಚಾಂಗ ಪ್ರಣಾಮ, ಎಣ್ಣೆ ದೀಪ, ಆರತಿ ಇತ್ಯಾದಿ. ಲ್ಯಾಟಿನ್ ದರ್ಬಾರಿನ ಶಿಷ್ಟಾಚಾರದ ಬದಲು ನಮ್ಮ ನೆಲದ ಗೌರವದ ಚಿಹ್ನೆಗಳು ಬಂದವು. ಕೆಲವರು ಇದನ್ನು ಹಿಂದೂಕರಣ ಎಂದರು. ಅವರಿಗಿಂತ ಗಂಭೀರವಾದ ಆಕ್ಷೇಪ ದಲಿತ ಕ್ರೈಸ್ತರದು. ನಮ್ಮನ್ನು ಹೊರಗಿಟ್ಟ ಗುಡಿಯ ಆರತಿ ತಟ್ಟೆಯನ್ನೇ ಇಲ್ಲಿಗೂ ತಂದು ದೇವರ ಮಹಿಮೆ ಎಂದರೆ ಹೇಗೆ ಎಂಬುದು ಅವರ ಪ್ರಶ್ನೆಯ ತಿರುಳು. ‘ದೇಸಿ’ ಎಂಬ ಪದವನ್ನು ನಮ್ಮ ವಿಮರ್ಶಕರು ಮಂತ್ರದಂತೆ ಬಳಸುತ್ತಿದ್ದ ಕಾಲದಲ್ಲೂ ಯಾರ ದೇಸಿ ಎಂದು ಕೇಳಿದವರು ಕಡಿಮೆ. ಈ ಪ್ರಶ್ನೆಗೆ ಇಂದಿಗೂ ತೃಪ್ತಿಕರ ಉತ್ತರ ಬಂದಿಲ್ಲವೆಂದೇ ನಮ್ಮ ಅನಿಸಿಕೆ.

ಹೊಸ ಬಗೆಯ ಪ್ರಾರ್ಥನಾ ಕೂಟಗಳ ಬಗ್ಗೆ ನಮಗೆ ತಕರಾರಿದೆ. ಬಡವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೋ ಓಡಿಸುವವರು ಅಲ್ಲಿ ಎದೆಬಿಚ್ಚಿ ಅಳುತ್ತಾರೆ, ಹಾಡುತ್ತಾರೆ. ಅದನ್ನು ಗೇಲಿ ಮಾಡುವ ಸುಶಿಕ್ಷಿತರ ಜೊತೆ ನಾವಿಲ್ಲ. ಆದರೆ ಹಾಡುಗಳಲ್ಲಿ ‘ನೀನು’ ಕ್ಷೀಣಿಸಿ ‘ನಾನು’ ಬೆಳೆಯುತ್ತಿದೆ. ಯೋಬನ ಕಾಡುಮೇಕೆ, ಮರುಭೂಮಿಯ ಮಳೆ ಎಲ್ಲೂ ಇಲ್ಲ. ನನ್ನ ಸಾಲ, ನನ್ನ ಕೆಲಸ, ನನ್ನ ವೀಸಾ. ದೇವರ ಮಹಿಮೆ ಎಂದರೆ ನನಗೆ ಆದ ಲಾಭ ಎಂದಾದಾಗ ಯೋಬನ ಗೆಳೆಯರೇ ಗೆದ್ದಂತೆ. ರಸ್ತೆಬದಿಯ ಫ್ಲೆಕ್ಸುಗಳಲ್ಲಿ ದೇವರ ಹೆಸರು ಒಂದು ಮೂಲೆಯಲ್ಲಿ, ಬೋಧಕರ ಕೋಟು ತೊಟ್ಟ ಚಿತ್ರ ಆಳೆತ್ತರ. ಹಾಗೆಂದು ನಗುವ ಮೊದಲು ಅದರ ಪಕ್ಕದ ಕಂಬದ ಮೇಲಿನ ನಮ್ಮ ಜಲ್ಸಾದ ಫ್ಲೆಕ್ಸನ್ನೂ ನೋಡಬೇಕು. ಅಲ್ಲಿಯೂ ಪೇಟ ಸುತ್ತಿದ ಮುಖಗಳೇ. ಕೆಳಗೆ ಶುಭ ಕೋರುವ ಕಾರ್ಪೊರೇಟರ್ ಆಕಾಂಕ್ಷಿಯ ಮುಖ ಬೇರೆ. ಮಹಿಮೆಯನ್ನು ಪಾಲು ಹಾಕಿಕೊಳ್ಳುವ ವಿಚಾರದಲ್ಲಿ ನಗರದಲ್ಲಿ ಸರ್ವಧರ್ಮ ಸಮನ್ವಯ ಸಾಧಿತವಾಗಿದೆ.

ಯೇಸು ಕಲಿಸಿದ ಪ್ರಾರ್ಥನೆಯ ಕೊನೆಯಲ್ಲಿ ರಾಜ್ಯ, ಬಲ, ಮಹಿಮೆ ಮೂರೂ ದೇವರದೇ ಎಂಬ ಒಂದು ಮಾತು ಬರುತ್ತದೆ. ಮತ್ತಾಯನ ಸುವಾರ್ತೆಯ ಅತಿ ಹಳೆಯ ಕೈಬರಹಗಳಲ್ಲಿ ಅದು ಇಲ್ಲ ಎಂಬುದು ವಿದ್ವಾಂಸರ ಮಾತು. ಆದಿ ಸಭೆಗಳು ತಮ್ಮ ಆರಾಧನೆಯಲ್ಲಿ ಹೇಳಿಕೊಳ್ಳುತ್ತಿದ್ದುದು ಬರಬರುತ್ತ ಗ್ರಂಥದ ಪುಟಕ್ಕೆ ಸೇರಿತು. ‘ದಿದಖೆ’ ಎಂಬ ಪುರಾತನ ಕೈಪಿಡಿಯಲ್ಲಿ ಅದರ ಮೊಟಕು ರೂಪವಿದೆ, ಅಲ್ಲಿ ಬಲ ಮತ್ತು ಮಹಿಮೆ ಮಾತ್ರ. ಪ್ರೊಟೆಸ್ಟಂಟರು ಈ ಮಾತನ್ನು ಪ್ರಾರ್ಥನೆಗೆ ಸೇರಿಸಿಯೇ ಹೇಳುತ್ತಾರೆ. ಕಥೋಲಿಕರು ತಮ್ಮ ಬಲಿಪೂಜೆಯಲ್ಲಿ, ನಡುವೆ ಗುರುಗಳ ಒಂದು ಪ್ರಾರ್ಥನೆ ಮುಗಿದ ಮೇಲೆ, ಬೇರೆಯಾಗಿ ಹೇಳುತ್ತಾರೆ. ಹಾಗಾಗಿ ಎರಡೂ ಪಂಗಡದವರು ಸೇರಿದ ಸಾವಿನ ಮನೆಯಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ: ಕೇಡಿನಿಂದ ತಪ್ಪಿಸು ಎನ್ನುವವರೆಗೆ ಎಲ್ಲರ ದನಿ ಒಟ್ಟಿಗೆ ಬಂದು, ಅಲ್ಲಿಗೆ ಅರ್ಧ ಜನ ಆಮೆನ್ ಎಂದು ನಿಲ್ಲಿಸುತ್ತಾರೆ. ಉಳಿದರ್ಧ ಜನ ತಡವರಿಸಿ, ದನಿ ತಗ್ಗಿಸಿ, ಆ ಕೊನೆಯ ಸಾಲನ್ನು ಮುಗಿಸುತ್ತಾರೆ. ಬಾಗಿಲ ಬಳಿ ಚಪ್ಪಲಿಗಳ ನಡುವೆ ನಿಂತ ನಾವು ಅದು ಮುಗಿಯುವ ತನಕ ಕಾಯುತ್ತೇವೆ.